ಏಳುವ ಹೊತ್ತು

ಏಳಕ್ಕೆ ಏಳಲು ಶುರು ಮಾಡಿದರೆ
ಏಳೂವರೆಗೆ ಎದ್ದ ಹಾಗೆ.
ಮೊದಲು ಎರಡು ಲೋಟ ನೀರು, ಹಾಸಿಗೆಯಲ್ಲೇ, ಗಟಗಟ.
ತೊಡೆಯವರೆಗಿನ ಬಿಗಿ ಕಾಲುಚೀಲ ನಾನೇ ಏರಿಸಬೇಕು
ಪಾತ್ರೆ ತೊಳೆಯುವ ರಬ್ಬರ್ ಗವಸು ತೊಟ್ಟು;
ಬರಿಗೈಗೆ ಅದು ಜಗ್ಗುವುದಿಲ್ಲ.
ಆಮೇಲೆ ಕಾಲು ಇಳಿಬಿಟ್ಟು ಕೂರುವುದು. ಕೂತೇ ಇರುವುದು.

ಮೂವತ್ತೊಂದು ವರ್ಷ ವೀಬ್ರೆನ್
ಫ್ರೀಸ್‌ಲಾಂಡಿನ ಕಾಲುವೆಯೊಂದರ ಕದ ಕಾದವನು.
ಮೇಲಿನ ನೀರು, ಕೆಳಗಿನ ನೀರು,
ನಡುವೆ ತೊಟ್ಟಿ, ಆಚೆ ಈಚೆ ಒಂದೊಂದು ಜೋಡಿ ಕದ.
ದೋಣಿ ಒಳಬಂದರೆ ಹಿಂದಿನದನ್ನು ಮುಚ್ಚಿ
ತೂಬು ಎತ್ತಿ, ನೀರು ಸಮವಾಗುವವರೆಗೆ ಕಾದು
ಮುಂದಿನದನ್ನು ತೆರೆಯುವುದು.
ಅಷ್ಟೇ ಕೆಲಸ. ಆತುರದವರು ಮುಳುಗುತ್ತಾರೆ, ಅನ್ನುತ್ತಿದ್ದ.

ಅಂಥದೇ ಒಬ್ಬ ಕಾವಲಿನವನು
ಎಲ್ಲರ ಮೈಯೊಳಗೂ ಇದ್ದಾನಂತೆ.
ಎದ್ದು ನಿಂತಾಗ ಕಾಲಿಗೆ ಜಾರುವ ರಕ್ತವನ್ನು
ಯಾರೂ ಹೇಳದೆ ಮೇಲಕ್ಕೆ ತಳ್ಳುವವನು.
ಸಂಬಳವಿಲ್ಲ, ರಜೆಯಿಲ್ಲ.
ವೀಬ್ರೆನ್ನನೊಳಗಿನವನು ಕೆಲಸ ಬಿಡುತ್ತಿದ್ದಾನೆ,
ಒಂದೇ ಸಲಕ್ಕಲ್ಲ,
ಕೀಲಿಕೈ ಒಂದೊಂದಾಗಿ ಮೇಜಿನ ಮೇಲಿಟ್ಟು.

ಮೊದಲು ಹೋದದ್ದು ವಾಸನೆ: ಒಡೆದ ಹಾಲು ಕುಡಿದುಬಿಟ್ಟ.
ಆಮೇಲೆ ಬೆವರು.
ಆಮೇಲೆ ಚರ್ಚಿನಲ್ಲಿ, ಎಲ್ಲರೂ ಎದ್ದು ಹಾಡುವಾಗ
ಬೆಂಚಿಗೆ ಕುಸಿದ.
ಕಿವಿ ಎಂದರು, ಗುಂಡಿಗೆ ಎಂದರು,
ನನ್ನ ನಾದಿನಿ ಯಾಂಟ್ಸ್ಯೆ ಕುಡಿತ ಎಂದಳು.
ನಾಲ್ಕು ವರ್ಷ.
ಕೊನೆಗೆ ಗ್ರೋನಿಂಗನ್ನಿನಲ್ಲಿ ಹಲಗೆಗೆ ಬೆಲ್ಟು ಬಿಗಿದು
ಹಲಗೆಸಮೇತ ಎಬ್ಬಿಸಿ ನಿಲ್ಲಿಸಿದರು.
ಮಲಗಿದಾಗ ನೂರ ಎಂಬತ್ತು, ನಿಂತಾಗ ಎಪ್ಪತ್ತೆರಡು.
ಎಚ್ಚರವಾದೊಡನೆ ಇವನು ಹೇಳಿದ್ದು:
“ನೂರ ಎಂಟರ ಇಳಿತ! ಯಾವ ಕದ ತಡೆದೀತು?”

ರೋಗದ ಹೆಸರು ಉದ್ದ, ಚೀಟಿಯಲ್ಲಿ ಬರೆದುಕೊಟ್ಟರು.
ವಾಸಿಯಾಗುವುದಿಲ್ಲ, ಎಂದರು, ನಿಭಾಯಿಸಬಹುದು.
ಆ ಎರಡನೇ ಮಾತಿನೊಳಗೇ
ನಾವೀಗ ಸಂಸಾರ ಹೂಡಿದ್ದೇವೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು:
ಬೇರೆ ಮನೆಗಳಲ್ಲಿ ಗಾದೆ, ನಮ್ಮಲ್ಲಿ ಔಷಧಿ.
ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು, ಊಟ ಆರು ಸಲ, ಚೂರುಚೂರು.
ಬಿಸಿನೀರಿನ ಸ್ನಾನ ಬೇಡ.
ಸಂಜೆ ಐದಾದ ಮೇಲೆ ಬಿಳಿ ಮಾತ್ರೆ ಬೇಡವೇ ಬೇಡ,
ಮಲಗಿದರೆ ಎಲ್ಲ ತಲೆಗೇರುತ್ತದೆ.
ಮಂಚದ ತಲೆದೆಸೆಗೆ ಹಳೆಯ ಕದದ ಎರಡು ಓಕ್ ತುಂಡು.
ರಾತ್ರಿಯಿಡೀ ಇಳಿಜಾರಿನಲ್ಲಿ ಮೆಲ್ಲಗೆ ಜಾರಿ
ಬೆಳಗ್ಗೆ ಇಬ್ಬರೂ ಕಾಲ್ದೆಸೆಯಲ್ಲಿ, ಒಬ್ಬರ ಮೇಲೊಬ್ಬರು.
ನಗಬಾರದೇ? ನಗುತ್ತೇವೆ.

ಕನಸಿನಲ್ಲಿ ದೋಣಿಗಳಿಗೆ ಕೂಗುತ್ತಾನೆ,
ಚಕ್ರ ತಿರುಗಿಸಲು ತೋಳು ಬೀಸುತ್ತಾನೆ.
ನವೆಂಬರಿನಲ್ಲಿ ನನ್ನ ತುಟಿ ಒಡೆಯಿತು.
ಬಾಗಿಲಿಗೆ ಬಡಿದುಕೊಂಡೆ, ಎಂದೆ.
ನಂಬಿದಂತೆ ಮಾಡಿದ.

ಯಾರಿಗೂ ಹೇಳದ್ದು ಒಂದಿದೆ.
ಒಮ್ಮೆ ಅಂಗಡಿಯಲ್ಲಿ ಬೇಕೆಂದೇ ತಡ ಮಾಡಿದೆ,
ಈರುಳ್ಳಿ ಆರಿಸುತ್ತಾ ಮುಕ್ಕಾಲು ಗಂಟೆ.
ಬಂದರೆ ಅಡುಗೆಮನೆಯ ನೆಲದ ಮೇಲಿದ್ದ.
ಬಿದ್ದದ್ದಲ್ಲ. ಕಣ್ಣಿಗೆ ಮಂಜು ಕವಿಯಿತೆಂದು
ತಾನೇ ಕೂತದ್ದು, ಕಾಲು ಹೆಣೆದುಕೊಂಡು,
ಹೇಳಿಕೊಟ್ಟ ಹಾಗೆಯೇ.
“ಈರುಳ್ಳಿ ಚೆನ್ನಾಗಿವೆಯಾ?” ಎಂದ.

ಈಗ ಕಾಲುವೆಯ ಕದಗಳನ್ನು ಯಾವುದೋ ಊರಲ್ಲಿ
ಪರದೆಯ ಮುಂದೆ ಕೂತು ಯಾರೋ ತೆರೆಯುತ್ತಾರೆ.
ದೀಪ ಮಾತ್ರ ಅವೇ.
ಕೆಂಪಾದರೆ ನಿಲ್ಲು, ಹಸಿರಾದರೆ ಹೊರಡು,
ಎರಡೂ ಉರಿದರೆ ಅಣಿಯಾಗು.

ಮಂಚದ ಅಂಚಿನಲ್ಲಿ ಅವನ ತುಟಿಯ ಬಣ್ಣ ನೋಡುತ್ತಾ ಕಾಯುತ್ತೇನೆ.
ನಿಲ್ಲು, ಎನ್ನುತ್ತೇನೆ.
ಯಾವ ನಿಲ್ಲು ಎಂದು ಅವನಿಗೆ ಗೊತ್ತು.
ಯಾವ ದೀಪ, ಎಂದು ಕೇಳುತ್ತೇನೆ.
ದನಿ ಈಚೆಗೆ ನೂಲಿನಷ್ಟಾಗಿದೆ;
ಇವತ್ತು ಬರೀ ಎರಡು ಬೆರಳು ಎತ್ತಿದ.

ಹೊರಗೆ ಮರಳಿನ ದೋಣಿಯೊಂದು ಹಾರನ್ ಹೊಡೆಯುತ್ತಿತ್ತು.
ಕಾಯಲಿ.